ಶರೀರ ಮತ್ತು ಶಾರೀರ

ಶರೀರವೆಂದರೆ ದೇಹ, ಶಾರೀರವೆಂದರೆ ಕಂಠ. ಎರಡು ಶಬ್ದಗಳಿಗೂ ಇರುವ ಅಂತರ ಒಂದೇ ಒಂದು ದೀರ್ಘ. ಹ್ರಸ್ವ ದೀರ್ಘಗಳ ಬೆಲೆಯನ್ನು ಹುಡುಗರಿಗೆ ತಿಳಿಸಬೇಕಾದಾಗ ನಾವು ಕನ್ನಡ ಪಂಡಿತರು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ಇದೇ ಎರಡು ಶಬ್ದಗಳಿಂದ ತಮ್ಮ ಕಲೆಯನ್ನೂ ಕೀರ್ತಿಯನ್ನೂ ಅಳೆದುಕೊಂಡ ಮಹಾನಟರೊಬ್ಬರ ವಿಚಾರವನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಅವರು ಡಾ. ರಾಜಕುಮಾರ್.

ಬಹುಕಾಲ ಬೆಳ್ಳಿತೆರೆಯ ಮೇಲೆ ರಾಜಕುಮಾರರ ತುಟಿಯಾಡಿದಾಗ ಕೇಳಿಬರುತ್ತಿದ್ದ ಕಂಠ ಪಿ. ಬಿ. ಶ್ರೀನಿವಾಸರದು. ತಾವು ಬರಿಯ ಶರೀರ, ಶಾರೀರ ಶ್ರೀನಿವಾಸರದು ಎಂದು ರಾಜಕುಮಾರರು ಹೇಳಿಕೊಳ್ಳುತ್ತಿದ್ದರು. ಹಾಡಲು ಬಾರದವರು ಆಡಿದ ಮಾತಾಗಿದ್ದರೆ ಇದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ತರುವಾಯ ಹೆಚ್ಚಾಗಿ ತಾವೇ ಹಾಡತೊಡಗಿದವರು, ‘ಜೀವನ ಚೈತ್ರ’ದ ಗಾಯನಕ್ಕಾಗಿ 1992ರ ರಾಷ್ಟ್ರಪ್ರಶಸ್ತಿಯನ್ನು ಪಡೆದವರು ಆಡಿದ ಮಾತು ಅದು. ತನ್ನ ಯಶಸ್ಸಿನಲ್ಲಿ ಇನ್ನೊಬ್ಬರ ಪಾಲು ಎಷ್ಟೆಂಬುದನ್ನು ಲೆಕ್ಕವಿಟ್ಟು ಹೇಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಯಾದಗಿರಿ, ಶಹಾಪುರ, ಸುರಪುರದ ಸೀಮೆಯವರಾದ ನಮಗೆ ಈ ನಟರ ಕತೆಯಲ್ಲಿ ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಅವರು 1929ರಲ್ಲಿ ಹುಟ್ಟಿದ್ದು ಗಾಜನೂರಿನಲ್ಲಿ, ಹೆಸರು ಮುತ್ತುರಾಜ. ಅವರ ಮೊದಲ ನಾಯಕಪಾತ್ರದ ‘ಬೇಡರ ಕಣ್ಣಪ್ಪ’ ತೆರೆಗೆ ಬಂದದ್ದು 1954ರಲ್ಲಿ. ನಿರ್ದೇಶಕ ಎಚ್. ಎಲ್. ಎನ್. ಸಿಂಹರು ರಾಜಕುಮಾರನೆಂಬ ಹೆಸರಿಟ್ಟದ್ದೂ ಆಗಲೇ. ಆ ವರ್ಷ ಗಾಜನೂರು ಮದರಾಸು ರಾಜ್ಯದಲ್ಲಿತ್ತು. ನಮ್ಮ ಮೂರು ಊರುಗಳೂ ಹೈದರಾಬಾದ್ ರಾಜ್ಯದಲ್ಲಿದ್ದವು. ನಟನೂ ಮೈಸೂರಿನ ಗಡಿಯಾಚೆಯವನು, ನಾವೂ ಗಡಿಯಾಚೆಯವರು! 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನೊಳಗೆ ಬಂದೆವು. ಗಾಜನೂರು ಇಂದಿಗೂ ತಮಿಳುನಾಡಿನಲ್ಲಿಯೇ ಉಳಿದಿದೆ. ಭೂಪಟವು ನಾಡನ್ನು ಕೂಡಿಸುವುದಕ್ಕೆ ಎರಡು ವರ್ಷ ಮೊದಲೇ ಒಂದು ಕಂಠವು ಈ ಎರಡು ಅಂಚುಗಳ ನಡುವೆ ಸೇತುವೆ ಕಟ್ಟತೊಡಗಿತ್ತು.

ಕಥಾನಾಯಕನಾದರೂ ಯಾರು? ಒಬ್ಬ ಬೇಡ. ಹರಿಹರ ಕವಿ ರಗಳೆಯಲ್ಲಿ ಹಾಡಿದ, ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟ ಭಕ್ತ. ಹಲವು ಕಡೆ ಬೇಡನೆಂದರೆ ಕಾಡಿನವನು, ತಿಳಿಯದವನು ಎಂಬ ಭಾವನೆಯಿತ್ತು. ನಮ್ಮಲ್ಲಿ ಹಾಗಿಲ್ಲ. ಸುರಪುರವನ್ನಾಳಿದವರು ಬೇಡ ನಾಯಕರು; 1705ರಲ್ಲಿ ವಾಗಿಣಗೇರಿ ಕೋಟೆಯಲ್ಲಿ ಔರಂಗಜೇಬನ ಸೈನ್ಯವನ್ನು ಇದಿರಿಸಿದವರು ಅವರು; 1858ರಲ್ಲಿ ಇಂಗ್ಲಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರು ಆ ವಂಶದವರು. ಬೇಡನೊಬ್ಬ ಚಿತ್ರದ ನಾಯಕನಾದದ್ದು ಬೇರೆಯವರಿಗೆ ಹೊಸದಾಗಿ ತೋರಿರಬಹುದು. ಸುರಪುರದವರಿಗೆ ಅದು ಸಹಜವೇ.

ಇನ್ನು ಕಲೆಯ ಮಾತು. ರಾಜಕುಮಾರರ ಶಾಲೆಯ ಓದು ಪ್ರಾಥಮಿಕ ತರಗತಿಗಳಲ್ಲಿಯೇ ನಿಂತಿತು. ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಮಗನ ಪಾಠಶಾಲೆಯೂ ಆ ರಂಗಭೂಮಿಯೇ. ಕಂಪನಿ ನಾಟಕದಲ್ಲಿ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕು. ‘ಶ’ಕಾರ ‘ಸ’ಕಾರವಾಗಬಾರದು, ಮಹಾಪ್ರಾಣ ಸೊರಗಬಾರದು. ಸಿನಿಮಾದ ಕಟ್ಟಳೆ ಇದಕ್ಕೆ ವಿರುದ್ಧ. ಅಲ್ಲಿ ಕ್ಯಾಮರಾ ರೆಪ್ಪೆಯ ಅಲುಗಾಟವನ್ನೂ ಹಿಡಿಯುವುದರಿಂದ ರಂಗದ ಕೈಕಾಲುಗಳ ಆರ್ಭಟ ಅತಿಯಾಗಿ ಕಾಣುತ್ತದೆ. ರಾಜಕುಮಾರರು ಅಂಗಚೇಷ್ಟೆಯನ್ನು ಕ್ರಮೇಣ ತಗ್ಗಿಸಿದರು. ಉಚ್ಚಾರಣೆಯನ್ನು ಮಾತ್ರ ತಗ್ಗಿಸಲಿಲ್ಲ. ರಂಗದಿಂದ ಏನನ್ನು ತರಬೇಕು, ಏನನ್ನು ಬಿಡಬೇಕು ಎಂಬ ಈ ವಿವೇಕವೇ ಅವರ ನಟನೆಯ ಜೀವಾಳವೆಂದು ನನ್ನ ಎಣಿಕೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡವು ಮನೆಯ ಭಾಷೆಯಾಗಿ ಉಳಿಯಿತು. ಬಳಿಕ ಬಂದ ಚಲನಚಿತ್ರಗಳು ನಮ್ಮ ಮಕ್ಕಳಿಗೆ ಸ್ಫುಟವಾದ ಕನ್ನಡವನ್ನು ಕೇಳಿಸಿದವು, ನಿಜ. ಆದರೆ ‘ಹೋಗ್ಯಾನ್ರೀ’, ‘ಬಂದಾನ್ರೀ’ ಎಂಬ ನಮ್ಮ ನುಡಿಯನ್ನು ಎಷ್ಟೋ ಚಿತ್ರಗಳು ನಗಿಸುವವನ ಬಾಯಿಗೇ ಹಾಕಿದವು. ಅದನ್ನು ನೋಡಿದ ಮಕ್ಕಳು ತಾಯಿಯ ಮಾತಿಗೆ ನಾಚತೊಡಗಿದರೆ ಅದು ಲಾಭವಲ್ಲ, ನಷ್ಟ. ರಾಜಕುಮಾರರ ಜೀವನದಿಂದ ಕಲಿಯಬೇಕಾದುದು ಬೇರೆ ಪಾಠ. ಶುದ್ಧ ಉಚ್ಚಾರಣೆ ಯಾವ ಒಂದು ಜಿಲ್ಲೆಯ ಪಿತ್ರಾರ್ಜಿತವೂ ಅಲ್ಲ, ದೊಡ್ಡ ಪದವಿಯ ಫಲವೂ ಅಲ್ಲ; ಗಡಿಯ ಹಳ್ಳಿಯ ಹುಡುಗನು ದುಡಿದು ಗಳಿಸಿದ್ದು. ನಮ್ಮ ಮಕ್ಕಳೂ ಗಳಿಸಬಲ್ಲರು. ಅದಕ್ಕಾಗಿ ಮನೆಯ ಮಾತನ್ನು ಬಿಡಬೇಕಾಗಿಲ್ಲ.

ಕೀರ್ತಿಯ ವಿಷಯಕ್ಕೆ ಬರೋಣ. ಇನ್ನೂರಕ್ಕೂ ಮಿಕ್ಕಿದ ಚಿತ್ರಗಳು, 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, 1983ರಲ್ಲಿ ಪದ್ಮಭೂಷಣ, 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಇಷ್ಟಾದರೂ ಅವರು ನೋಡುಗರನ್ನು ಕರೆದದ್ದು ಅಭಿಮಾನಿ ದೇವರುಗಳೆಂದು. ಇದು ಬರಿಯ ಸೌಜನ್ಯವೆಂದು ಕೆಲವರು ತಿಳಿದಾರು. ಶಹಾಪುರದ ಬೆಟ್ಟವನ್ನು ನೆನೆಯಿರಿ. ದೂರದಿಂದ ನೋಡಿದವರಿಗೆ ಅದು ಮಲಗಿದ ಬುದ್ಧ. ಹತ್ತಿರ ಹೋದವರಿಗೆ ಕಲ್ಲುಬಂಡೆ. ಬುದ್ಧನನ್ನು ಕಂಡದ್ದು ನೋಡುವವನ ಕಣ್ಣು. ನಟನ ಕೀರ್ತಿಯೂ ಹಾಗೆಯೇ. ಅರ್ಧ ಅವನ ಸಾಧನೆ, ಇನ್ನರ್ಧ ನೋಡುಗರ ದಾನ. ದಾನ ಮಾಡಿದವರನ್ನು ದೇವರೆಂದರೆ ತಪ್ಪೇನು? ಕೀರ್ತಿಗೆ ತೆರಬೇಕಾದ ಬೆಲೆಯೂ ಅವರಿಗೆ ತಿಳಿದಿತ್ತು. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಹೊತ್ತೊಯ್ದದ್ದು ಹುಟ್ಟೂರಾದ ಗಾಜನೂರಿನಿಂದಲೇ; 108 ದಿನಗಳ ಕಾಡುವಾಸ ಅದು.

2006ರ ಏಪ್ರಿಲ್ 12ರಂದು ರಾಜಕುಮಾರರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಕಣ್ಣು ಕೊಟ್ಟ ಬೇಡನ ಪಾತ್ರದಿಂದ ನಾಯಕರಾದವರು ಕೊನೆಗೆ ಆ ಪಾತ್ರವನ್ನು ನಿಜ ಮಾಡಿಯೇ ಹೋದರು. ಶರೀರ ಮಣ್ಣಾಯಿತು, ಕಣ್ಣು ಬೇರೆಯವರಿಗೆ ಬೆಳಕಾಯಿತು, ಶಾರೀರ ಮಾತ್ರ ಇಂದಿಗೂ ನಮ್ಮ ಮನೆಯ ರೇಡಿಯೋದಲ್ಲಿ ಕೇಳಿಬರುತ್ತಿದೆ. ಆ ಹಾಡು ಬಂದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ. ರಾಗವನ್ನಷ್ಟೇ ಅಲ್ಲ, ಪ್ರತಿಯೊಂದು ಅಕ್ಷರವನ್ನೂ ಕೇಳಿಸಿಕೊಳ್ಳುವಂತೆ ಹೇಳಿ. ಬಳಿಕ ಅವರು ನಿಮ್ಮೊಡನೆ ನಮ್ಮ ಸೀಮೆಯ ಮಾತಿನಲ್ಲೇ, ತಲೆಯೆತ್ತಿ ಮಾತಾಡಲಿ.