ಲಾರಿಯ ಭಾರ, ಹೆದ್ದಾರಿಯ ತಪಾಸಣೆ ಮತ್ತು ನಮ್ಮ ಗೋದಾಮಿನ ಅಂಗಳ

(ರಜತ ಮಹೋತ್ಸವದ ಅಂಗವಾಗಿ ಸೇರಿದ ಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಸಂಘದ ಸಾಲ, ಗೊಬ್ಬರ, ಷೇರು ಬಂಡವಾಳದ ವಿಚಾರವನ್ನು ನಮಗಿಂತ ಮೊದಲು ಮಾತನಾಡಿದವರು ಸವಿಸ್ತಾರವಾಗಿ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಲಾರಿ. ಲಾರಿಗೂ ಸೊಸೈಟಿಗೂ ಏನ್ ಸಂಬಂಧ ಅಂತ ಕೆಲವರು ಕೇಳಿದರು. ನಮ್ಮ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ತಾವಾಗಿ ನಡೆದುಕೊಂಡು ಪೇಟೆಗೆ ಹೋಗುವುದಿಲ್ಲವಲ್ಲ!

ಹೆದ್ದಾರಿಯಲ್ಲಿ ಲಾರಿ ಹಿಡಿದು ತೂಗುವುದು, ದಂಡ ಹಾಕುವುದು ಸರಕಾರದ ಕೆಲಸ. ಆದರೆ ಲಾರಿಗೆ ಎಷ್ಟು ಭಾರ ಎಂಬುದು ಚೆಕ್‌ಪೋಸ್ಟಿನಲ್ಲಿ ನಿರ್ಧಾರವಾಗುವುದಿಲ್ಲ. ಅದು ನಿರ್ಧಾರವಾಗುವುದು ಮಾಲು ಹೇರುವ ಅಂಗಳದಲ್ಲಿ, "ಇನ್ನೊಂದ್ ಐವತ್ತು ಚೀಲ ಹಾಕ್ರಿ, ಏನೂ ಆಗಂಗಿಲ್ಲ" ಎನ್ನುವ ಆ ಒಂದು ಮಾತಿನಲ್ಲಿ.

ಆ ಐವತ್ತು ಚೀಲದ ಲೆಕ್ಕ ನೋಡೋಣ. ಲಾರಿಯ ಆರ್.ಸಿ. ಪುಸ್ತಕದಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಬರೆದಿರುತ್ತವೆ. ಒಟ್ಟು 18.5 ಟನ್, ಖಾಲಿ 6.5 ಟನ್ ಎಂದಿಟ್ಟುಕೊಳ್ಳಿ. ಹೇರಬಹುದಾದದ್ದು 12 ಟನ್, 60 ಕೆ.ಜಿ. ಚೀಲವಾದರೆ ಸರಿಯಾಗಿ 200. ಅದರ ಮೇಲೆ ಐವತ್ತು ಚೀಲ ಅಂದರೆ 3 ಟನ್ ಹೆಚ್ಚು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಟನ್ನಿಗೆ 2,000. ಒಟ್ಟು 26,000 ಆಯಿತು. ಇಷ್ಟಕ್ಕೇ ಮುಗಿಯುವುದಿಲ್ಲ. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸದೆ ಲಾರಿ ಮುಂದೆ ಬಿಡುವ ಹಾಗಿಲ್ಲ. ಇಳಿಸುವ ಖರ್ಚೂ ತಪ್ಪಿತಸ್ಥರದೇ. ಮಳೆ ಬರುವ ಹೊತ್ತಿನಲ್ಲಿ ರಸ್ತೆ ಬದಿಗೆ ಬಿದ್ದ ಗೋವಿನಜೋಳದ ಗತಿ ಏನು ಅಂತ ರೈತರಿಗೆ ನಾವು ಹೇಳಬೇಕಾಗಿಲ್ಲ.

ತೂಗಿಸಲು ಒಪ್ಪದೆ ಲಾರಿ ಓಡಿಸಿಕೊಂಡು ಹೋದರೆ ದಂಡ 40,000. ಹತ್ತಿ, ಮೆಣಸಿನಕಾಯಿ ಹಗುರ ಮಾಲು, ತೂಕ ಮೀರುವುದಿಲ್ಲ ಅಂತ ಧೈರ್ಯ ಬೇಡ. ಮಾಲು ಪಕ್ಕಕ್ಕೆ, ಹಿಂದಕ್ಕೆ, ಎತ್ತರಕ್ಕೆ ಮಿತಿ ಮೀರಿ ಚಾಚಿದರೂ 20,000 ದಂಡವಿದೆ. ಎತ್ತರ ಹೆಚ್ಚಿದಂತೆ ತಿರುವಿನಲ್ಲಿ ಲಾರಿ ವಾಲುವುದೂ ಹೆಚ್ಚು.

ಕಾನೂನು ಚಾಲಕನೊಬ್ಬನನ್ನೇ ಹಿಡಿಯುವುದಿಲ್ಲ ಎಂಬುದೂ ಸದಸ್ಯರಿಗೆ ಗೊತ್ತಿರಲಿ. "ಓಡಿಸಿದವನು" ಎಂದಷ್ಟೇ ಅಲ್ಲ, ಓಡಿಸಲು ಕಾರಣನಾದವನು, ಓಡಿಸಲು ಬಿಟ್ಟವನು ಎಂದೂ ಕಾಯ್ದೆ ಹೇಳುತ್ತದೆ. ಮಾಲೀಕನಿಗೆ ಗೊತ್ತಿದ್ದೇ ಭಾರ ಹೇರಲಾಗಿದೆ ಎಂದು ಕೋರ್ಟು ಭಾವಿಸಬಹುದು. ಇದು 113ನೇ ಕಲಂ. ಆದರೂ ನಡುರಸ್ತೆಯಲ್ಲಿ ಬೈಗುಳ ತಿನ್ನುವವನು ಆ ಚಾಲಕನೇ, ಪಾಪ.

ಹಿಂದೆ ಕೆಲವು ರಾಜ್ಯಗಳಲ್ಲಿ ಹಣ ಕಟ್ಟಿಸಿಕೊಂಡು ಕಾರ್ಡು ಕೊಡುತ್ತಿದ್ದರು, ಕಾರ್ಡು ತೋರಿಸಿ ಹೆಚ್ಚು ಭಾರದ ಲಾರಿ ಸಾಗುತ್ತಿತ್ತು. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ದಂಡ ಕಟ್ಟಿದ ಮಾತ್ರಕ್ಕೆ ಅದೇ ಭಾರದಲ್ಲಿ ಮುಂದೆ ಹೋಗುವ ಹಕ್ಕು ಬರುವುದಿಲ್ಲ, ಹೆಚ್ಚಿನದನ್ನು ಇಳಿಸಲೇಬೇಕು ಎಂದಿತು. ನ್ಯಾಯವಾದ ಮಾತು. ದಂಡ ಕಟ್ಟಿದರೆ ಬ್ರೇಕು ಗಟ್ಟಿಯಾಗುತ್ತದೆಯೇ? ಘಟ್ಟ ಇಳಿಯುವಾಗ ಭಾರವನ್ನೆಲ್ಲ ತಡೆಯುವುದು ಬ್ರೇಕ್ ಡ್ರಮ್ಮು. ಅದು ಕಾದು ಕೆಂಡವಾದ ಮೇಲೆ ಪೆಡಲ್ ಎಷ್ಟು ತುಳಿದರೂ ಲಾರಿ ನಿಲ್ಲುವುದಿಲ್ಲ.

ರಸ್ತೆಯ ಮಾತು. 1958ರಿಂದ 60ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೇರೆಯಾಗಿ ರಸ್ತೆ ಕಟ್ಟಿ, ಲಾರಿ ಓಡಿಸಿ ಪರೀಕ್ಷೆ ಮಾಡಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಪೆಟ್ಟು ಸುಮಾರು ಹದಿನಾರು ಪಟ್ಟು, ಒಂದೂವರೆ ಪಟ್ಟಾದರೆ ಸುಮಾರು ಐದು ಪಟ್ಟು ಎಂದು ಕಂಡುಬಂತು. ಬಳ್ಳಾರಿ, ಹೊಸಪೇಟೆ ಕಡೆ ಅದಿರು ಲಾರಿಗಳು ಓಡಿದ ಕಾಲದಲ್ಲಿ ರಸ್ತೆಗಳ ಅವಸ್ಥೆ ಕಂಡವರಿಗೆ ಈ ಲೆಕ್ಕ ಸುಳ್ಳು ಅನ್ನಿಸದು. 2018ರಲ್ಲಿ ಕೇಂದ್ರ ಸರಕಾರವೇ ಮಿತಿ ಏರಿಸಿ, ನಾಲ್ಕು ಗಾಲಿಯ ಒಂದು ಅಚ್ಚಿಗೆ 10.2 ಟನ್ ಇದ್ದದ್ದನ್ನು 11.5 ಮಾಡಿತು. ಅದರ ಮೇಲೂ ಹೇರುತ್ತೇವೆ ಅಂದರೆ ಏನೆನ್ನಬೇಕು?

ಇನ್ನು ಮನುಷ್ಯರ ಮಾತು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಘಟ್ಟದ ಹೆದ್ದಾರಿಯಲ್ಲಿ ಕಂದಕಕ್ಕೆ ಉರುಳಿತು. ಮಾಲಿನ ಜೊತೆ ಕೂತು ಹೊರಟಿದ್ದ ವ್ಯಾಪಾರಸ್ಥರಲ್ಲಿ ಹತ್ತು ಮಂದಿ ತೀರಿಹೋದರು. ಹೊಟ್ಟೆಪಾಡಿಗೆ ಹೊರಟವರು, ಅವರನ್ನು ದೂರುವ ಮಾತೇ ಇಲ್ಲ. ಬಸ್ಸಿಗೆ ಮಾಲು ಹಾಕಲು ಆಗುವುದಿಲ್ಲ, ಎರಡು ಬಾಡಿಗೆ ಕೊಡುವ ಶಕ್ತಿ ಇರುವುದಿಲ್ಲ. ಸಂತೆಗೆ ಹೋಗುವವರ ಈ ಕಷ್ಟಕ್ಕೆ ದಂಡದ ರಸೀದಿಯಲ್ಲಿ ಉತ್ತರವಿಲ್ಲ ಎಂಬುದನ್ನು ಸರಕಾರಕ್ಕೂ ಹೇಳಬೇಕು.

ಆದರೆ ವಿಮೆಯ ವಿಷಯ ಮನೆಮನೆಗೂ ತಿಳಿದಿರಬೇಕು. ಮಾಲಿನ ಯಜಮಾನ ಅಥವಾ ಅವನ ಪ್ರತಿನಿಧಿ ಲಾರಿಯಲ್ಲಿ ಹೋದರೆ ವಿಮೆಯ ರಕ್ಷಣೆ 1994ರ ತಿದ್ದುಪಡಿಯಿಂದ ಬಂತು. ಮಾಲಿನ ಲಾರಿಯಲ್ಲಿ ಸುಮ್ಮನೆ ಹತ್ತಿಕೊಂಡು ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಮೊಕದ್ದಮೆಯಲ್ಲಿ ಹೇಳಿತು. ಮಾಲಿನ ಯಜಮಾನನೂ ಕ್ಯಾಬಿನ್ನಿನಲ್ಲೇ ಕೂತಿರಬೇಕು ಎಂದು 2007ರಲ್ಲಿ ಇನ್ನೊಂದು ತೀರ್ಪು ಬಂತು. ಚೀಲದ ಮೇಲೆ ಕೂತವನ ಹೆಂಡತಿ ಮಕ್ಕಳು ಪರಿಹಾರಕ್ಕೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುವುದು ಇದೇ ಕಾರಣಕ್ಕೆ.

ಆದುದರಿಂದ ಆಡಳಿತ ಮಂಡಳಿಯ ಮುಂದಿನ ಸಭೆಗೆ ನಾವು ಎರಡು ಠರಾವು ಇಡುತ್ತಿದ್ದೇವೆ. ಸಂಘದ ಗೋದಾಮಿನಿಂದ ಹೊರಡುವ ಪ್ರತಿ ಲಾರಿಯ ಆರ್.ಸಿ. ನೋಡಿ, ಚೀಲದ ಲೆಕ್ಕ ಕಟ್ಟಿ, ವೇಬ್ರಿಜ್ ಚೀಟಿ ಲಗತ್ತಿಸಿದ ಮೇಲೆಯೇ ಗೇಟ್‌ಪಾಸ್ ಕೊಡುವುದು ಮೊದಲನೆಯದು. ಬಾಡಿಗೆ ಕ್ವಿಂಟಲಿಗೆ ಸ್ವಲ್ಪ ಏರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಸಣ್ಣ ಹಿಡುವಳಿಯ ನಾಲ್ಕಾರು ಸದಸ್ಯರ ಮಾಲು ಒಟ್ಟುಗೂಡಿಸಿ ಪೂರ್ತಿ ಲಾರಿ ಮಾಡಿ ಕಳಿಸಿದರೆ ಆ ಹೊರೆ ಹಂಚಿಹೋಗುತ್ತದೆ. ಸಂಘ ಇರುವುದೇ ಅದಕ್ಕಲ್ಲವೇ!

ಎರಡನೆಯದು ಟ್ರ್ಯಾಕ್ಟರ್ ಟ್ರೇಲರಿನದು. ರಾತ್ರಿ ಹೊತ್ತು ಹಿಂದೆ ದೀಪವಿಲ್ಲದೆ ನಿಂತ ಟ್ರೇಲರಿಗೆ ಬೈಕಿನವರು ಗುದ್ದುವುದು ನಮ್ಮ ಭಾಗದಲ್ಲಿ ಹೊಸದಲ್ಲ. ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿಯನ್ನು ಸಂಘದ ಅಂಗಡಿಯಲ್ಲಿ ಖರೀದಿ ದರಕ್ಕೇ ಕೊಡುವ ವಿಚಾರವಿದೆ. ಸುಗ್ಗಿಗೆ ಮೊದಲೇ ಟ್ರೇಲರ್ ತನ್ನಿ. ಹಿಂದಿನ ಹಲಗೆಯ ಮಣ್ಣು ತೊಳೆದು, ಒಣಗಿಸಿ ತಂದರೆ ಪಟ್ಟಿ ಗಟ್ಟಿಯಾಗಿ ಕೂಡುತ್ತದೆ.