ನೆರೆಮನೆಯ ಕೋಕಿಲೆ



ದೂರದರ್ಶನದಲ್ಲಿ 1994ರಲ್ಲಿ ಆರಂಭವಾದ ‘ಶ್ರೀಮಾನ್ ಶ್ರೀಮತಿ’ ಎಂಬ ಹಿಂದೀ ಹಾಸ್ಯಮಾಲೆಯನ್ನು ಕರಜಗಿಯ ಹಿರಿಯರಲ್ಲಿ ಕೆಲವರಾದರೂ ಮರೆತಿರಲಾರರು. ಅದರೊಳಗಿನ ಕೋಕಿಲಾ ಕುಲಕರ್ಣಿಯ ಕುರಿತು ನಾಲ್ಕು ಮಾತನಾಡಬಯಸುತ್ತೇವೆ. ಕುಲಕರ್ಣಿ ಎಂಬ ಅಡ್ಡಹೆಸರು ಈ ಸೀಮೆಯಲ್ಲಿ ಕನ್ನಡಕ್ಕೂ ಮರಾಠಿಗೂ ಸಮನಾಗಿ ಸಲ್ಲುವುದರಿಂದ ಆಕೆ ನಮಗೆ ಪರಕೀಯಳೆನಿಸಲಿಲ್ಲ.

ಆಕೆಯ ಪತಿ ಕೇಶವನಿಗೆ ಪಕ್ಕದ ಮನೆಯ ಚಿತ್ರನಟಿ ಪ್ರೇಮಾಳ ಮೇಲೆ ಕಣ್ಣು. ಪ್ರೇಮಾಳ ಗಂಡ ದಿಲ್‌ರುಬಾನಿಗೆ ನೆರೆಯವಳಾದ ಕೋಕಿಲೆಯ ಮೇಲೆ ಮೋಹ. ನಮ್ಮ ಓಣಿಯಲ್ಲಿ ಇಂಥದು ನಡೆದಿದ್ದರೆ ಎರಡೂ ಮನೆಗಳ ಒಲೆ ಆರುತ್ತಿತ್ತು. ಹೆಪ್ಪು ಬೇಡಲು ಬಂದ ಹುಡುಗಿಗೂ ಬಾಗಿಲು ಮುಚ್ಚುತ್ತಿತ್ತು. ಅಲ್ಲಿ ಅದು ನಗೆಯಾಗಿಯೇ ಉಳಿದುದು ಕೋಕಿಲೆಯ ಜಾಣ್ಮೆಯಿಂದ ಎಂಬುದು ನಮ್ಮ ಅಭಿಪ್ರಾಯ. ಗಂಡನ ನೆಪ ಆಕೆಯೆದುರು ಬಹುಕಾಲ ನಿಲ್ಲದು. ನೆರೆಯವನ ಹೊಗಳಿಕೆಗೂ ಆಕೆ ಮರುಳಾಗಳು. ಮಾತು ಚುರುಕು, ಆದರೆ ಮನೆ ಮುರಿಯುವ ಮಾತಲ್ಲ.

ಈ ಪಾತ್ರ ವಹಿಸಿದವರು ಮರಾಠಿ ರಂಗಭೂಮಿಯಿಂದ ಬಂದ ರೀಮಾ ಲಾಗೂ. ಅದೇ 1994ರಲ್ಲಿ ತೆರೆಕಂಡ ‘ಹಮ್ ಆಪ್ಕೇ ಹೈಂ ಕೌನ್’ ಚಿತ್ರದಲ್ಲಿ ಅವರು ಮಗಳನ್ನು ಕಳೆದುಕೊಳ್ಳುವ ಸೌಮ್ಯ ತಾಯಿ. ಆ ತಾಯಿಯನ್ನು ದೇಶವೆಲ್ಲ ಕೊಂಡಾಡಿತು. ನಗಿಸಿದ ಗೃಹಿಣಿಗೆ ಅಷ್ಟು ಮನ್ನಣೆ ದೊರೆಯಲಿಲ್ಲವೆಂಬ ಕೊರಗು ನಮಗುಂಟು. ನಮ್ಮ ಮನೆಗಳಲ್ಲಿ ಬೇರೇನು ನಡೆದಿದೆ? ಮರೆಯಲ್ಲಿ ಅಳುವ ಸೊಸೆ ಸುಶೀಲೆ. ಎದುರಿಗೆ ನಿಂತು ಮರುಮಾತನಾಡುವವಳು, ಆ ಮಾತು ಎಷ್ಟೇ ನಿಜವಿರಲಿ, ಗಯ್ಯಾಳಿ! ಸಭೆಯಲ್ಲಿ ಕುಳಿತ ಗಂಡಸರು ಮುಖ ತಿರುಗಿಸಬಾರದು. ನಾವೂ ಆ ಗುಂಪಿನವರೇ.

ರೀಮಾ ಲಾಗೂ 2017ರ ಮೇ 18ರಂದು ತೀರಿಕೊಂಡರು. ಆಗಲೂ ಹೆಚ್ಚಾಗಿ ನೆನೆಯಲ್ಪಟ್ಟವಳು ಬೆಳ್ಳಿತೆರೆಯ ತಾಯಿಯೇ. ನಾವು ಮಾತ್ರ ಕೋಕಿಲೆಯನ್ನು ನೆನೆದು ನಕ್ಕೆವು.