ಅಂದು ಕೇಳದೆ ಉಳಿದ ಪ್ರಶ್ನೆ
(ಮಹಿಳಾ ವೇದಿಕೆಯ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)

ನಾನು ಡಾಕ್ಟರಲ್ಲ, ಇಲ್ಲೇ ಪುಣೆಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು. ಧಾರವಾಡದಲ್ಲಿರುವ ನನ್ನ ಅಕ್ಕನಿಗೆ 41ನೇ ವಯಸ್ಸಿನಲ್ಲಿ, ವಿಪರೀತ ರಕ್ತಸ್ರಾವವೆಂದು ಗರ್ಭಕೋಶ ತೆಗೆದರು. ಜೊತೆಗೇ ಎರಡೂ ಅಂಡಾಶಯಗಳನ್ನೂ ತೆಗೆದರು. "ಮಕ್ಕಳಾಗ್ಯಾವಲ್ಲ, ಇನ್ಯಾಕ ಬೇಕು ಅವು?" ಎಂದರು ಡಾಕ್ಟರು. ಪಕ್ಕದಲ್ಲೇ ಕೂತಿದ್ದ ನಾನೂ ತಲೆಯಾಡಿಸಿದೆ.

ಅಂಡಾಶಯದ ಈಸ್ಟ್ರೋಜೆನ್ ಹಾರ್ಮೋನು ಬಸಿರಿಗಷ್ಟೇ ಅಲ್ಲ. ಅದನ್ನು ಗುರುತಿಸುವ ಗ್ರಾಹಕಗಳು ಮಿದುಳಿನಲ್ಲೂ ಇವೆ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದಲ್ಲೂ ಇವೆ. ಈಸ್ಟ್ರೋಜೆನ್ ನರಕೋಶದ ಮೈಟೋಕಾಂಡ್ರಿಯಾಗಳಿಗೆ ಆಸರೆಯಾಗುತ್ತದೆ, ಉರಿಯೂತ ತಗ್ಗಿಸುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಗಂಡಸರ ಮಿದುಳು ಕೂಡ ಟೆಸ್ಟೋಸ್ಟಿರಾನ್‌ನಿಂದ ಈಸ್ಟ್ರೋಜೆನ್ ಮಾಡಿಕೊಳ್ಳುತ್ತದೆ!

ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಟ್ಟು ನಿಲ್ಲುವ ಮುನ್ನವೇ ಅಂಡಾಶಯ ತೆಗೆಸಿಕೊಂಡವರಲ್ಲಿ ಮುಂದೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿತ್ತು. ವಯಸ್ಸು ಚಿಕ್ಕದಾದಷ್ಟೂ ಅಪಾಯ ಹೆಚ್ಚು. ಆದರೆ 50ರವರೆಗಾದರೂ ಈಸ್ಟ್ರೋಜೆನ್ ಪಡೆದವರಲ್ಲಿ ಆ ಹೆಚ್ಚಳ ಕಾಣಲಿಲ್ಲ.

ಹಾಗಾದರೆ ಎಲ್ಲರೂ ಮಾತ್ರೆ ನುಂಗೋಣವೆ? ಬೇಡಿ! 65 ದಾಟಿದ ಮೇಲೆ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ಮರೆವಿನ ಕಾಯಿಲೆ ಸುಮಾರು ದುಪ್ಪಟ್ಟಾಯಿತೆಂದು 2003ರಲ್ಲಿ ಅಮೆರಿಕದ ದೊಡ್ಡ ಪರೀಕ್ಷೆಯೊಂದು ತೋರಿಸಿತು. ತಲೆಗೆ ಪೆಟ್ಟು ಬಿದ್ದ ಇಲಿಗಳನ್ನು ಕಾಪಾಡಿದ್ದ ಪ್ರೊಜೆಸ್ಟಿರಾನ್ ಹಾರ್ಮೋನು ಮನುಷ್ಯರಿಗೆ ಉಪಯೋಗವಾಗಲಿಲ್ಲವೆಂದು 2014ರಲ್ಲಿ ಎರಡು ಪರೀಕ್ಷೆಗಳಿಂದ ತಿಳಿಯಿತು. ಹಾರ್ಮೋನಿನ ಗುಣವಷ್ಟೇ ಸಾಲದು. ಯಾವ ವಯಸ್ಸಿನಲ್ಲಿ, ಯಾರಿಗೆ ಎಂಬುದೂ ಮುಖ್ಯ.

ಅಕ್ಕನಿಗೆ ಈಗ 66. ಮೊಮ್ಮಕ್ಕಳ ಹೆಸರು ತಡವರಿಸುತ್ತಾಳೆ. "ಅದಕ್ಕ ಹಿಂಗಾತೇನ ತಂಗಿ?" ಎಂದು ಫೋನಿನಲ್ಲಿ ಕೇಳಿದಳು. ಹೌದೆನ್ನಲಾರೆ, ಅಲ್ಲವೆನ್ನಲೂ ಆರೆ. ಒಬ್ಬಳ ಮರೆವಿಗೆ ಕಾರಣ ಇಂಥದೇ ಎಂದು ಹೇಳಲಾಗದು. ಆದರೆ ಅಂದು ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ.

ನೀವು ಕೇಳಿ. "ಅಂಡಾಶಯ ಆರೋಗ್ಯವಾಗಿದ್ದರೆ ಉಳಿಸಬಹುದೆ?" ಕ್ಯಾನ್ಸರ್ ಇದ್ದರೆ, ಅಥವಾ ಮನೆತನದಲ್ಲಿ ಅದರ ಅಪಾಯವಿದ್ದರೆ ತೆಗೆಯುವುದೇ ಸರಿಯಾಗಬಹುದು. ಬೇಗನೆ ತೆಗೆಸಿಕೊಂಡಿದ್ದರೆ, "ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ನನಗೆ ಹಾರ್ಮೋನು ಬೇಕೆ?" ಎಂದು ವಿಚಾರಿಸಿ. ಬಿಪಿ, ಶುಗರ್ ಹತೋಟಿಯಲ್ಲಿಡಿ, ದಿನವೂ ನಡೆಯಿರಿ. ಮಿದುಳಿಗೆ ಇವೂ ರಕ್ಷೆಯೇ.

ಡಾಕ್ಟರ ಮುಂದೆ ಪ್ರಶ್ನೆ ಕೇಳುವುದು ಅವಮರ್ಯಾದೆಯಲ್ಲ. ಇಂದು ಮನೆಗೆ ಹೋದವರೇ ನಿಮ್ಮ ಅಕ್ಕತಂಗಿಯರಿಗೂ ಒಂದು ಫೋನ್ ಮಾಡಿ ಇದನ್ನು ಹೇಳಿ.